ರಾಳದ ಬೆಣ್ಣೆ

ಸನ್‌ಸ್ಕ್ರೀನ್ ಎಂಬ ಹೆಸರು ಮುಂಬೈ ಜೋಗೇಶ್ವರಿಯ ನಮ್ಮ ಚಾಳಿನ ಮೆಟ್ಟಿಲನ್ನು ಇನ್ನೂ ಹತ್ತದ ಕಾಲ ಅದು. ಮೇ ತಿಂಗಳು ಬಂತೆಂದರೆ ಟೆರೇಸಿನ ತುಂಬ ಹಪ್ಪಳ, ಕಾಗೆ ಓಡಿಸುವ ಕೆಲಸ ನನ್ನದು. ಕೋಲು ಹಿಡಿದು ನಿಂತರೆ ನನ್ನ ದರ್ಬಾರೇ ಬೇರೆ. ಅರ್ಧ ಒಣಗಿದ ಹಪ್ಪಳ ಮೆಲ್ಲುತ್ತ, ನೆರಳಿಗೂ ಹೋಗದೆ, ಒಂದೇ ಮಧ್ಯಾಹ್ನದಲ್ಲಿ ಮುಖ ಸುಟ್ಟುಕೊಂಡೆ.

ಆ ಭಾನುವಾರ ಮಾಟುಂಗದ ಕನ್ನಡ ಸಂಘದ ಹಾಲ್‌ನಲ್ಲಿ ನಾನು ಕೃಷ್ಣನಾಗಿ ಕುಣಿಯಬೇಕಿತ್ತು. ನನ್ನ ಕೆನ್ನೆ ನೋಡಿದ ಡ್ಯಾನ್ಸ್ ಟೀಚರ್, ಹೀಗೇ ಇದ್ದರೆ ಬಣ್ಣ ಹಚ್ಚಲಾಗದು, ಬೇರೆ ಹುಡುಗಿಯನ್ನು ನಿಲ್ಲಿಸುತ್ತೇನೆ ಎಂದರು. ನಾನು ಊಟ ಬಿಟ್ಟು ಅಳುತ್ತಾ ಕೂತೆ.

ಅಪ್ಪನ ತಾಯಿ ಆಗ ಉಡುಪಿಯಿಂದ ಬಂದು ನಮ್ಮಲ್ಲಿದ್ದಳು. ಮರುದಿನ ಅಮ್ಮ ಕೆಲಸಕ್ಕೆ ಹೋದದ್ದೇ ಅಜ್ಜಿ ತನ್ನ ಗಂಟು ಬಿಚ್ಚಿದಳು. ಒಳಗೆ ಧೂಪದ ಮರದ ಅಂಟು, ರಾಳ. ನೋಡಲು ಕಲ್ಲುಸಕ್ಕರೆಯ ಹಾಗೆ. ಪುಡಿ ಮಾಡಿ ತೆಂಗಿನೆಣ್ಣೆಯಲ್ಲಿ ಕರಗಿಸಿದಾಗ ನಮ್ಮ ಒಂದೇ ಕೋಣೆಯ ಖೋಲಿಯೆಲ್ಲ ದೇವಸ್ಥಾನದ ವಾಸನೆ. ಸೋಸಿ, ಆರಿಸಿ, ತಟ್ಟೆಗೆ ಸುರಿದು, ತಣ್ಣೀರು ಹಾಕಿ ಅಂಗೈಯಿಂದ ತಿಕ್ಕಿದಳು. ಆ ನೀರು ಚೆಲ್ಲಿ ಹೊಸ ನೀರು ಹಾಕಿ ಮತ್ತೆ ತಿಕ್ಕಿದಳು, ಹೀಗೆ ಎಷ್ಟೋ ಸಲ. ಊರಿನ ಬಾವಿಕಟ್ಟೆಯಲ್ಲಿ ಕೂತು ಮಾಡಿದ ಅಭ್ಯಾಸ. ಎಣ್ಣೆ ಬೆಳ್ಳಗೆ ಬೆಣ್ಣೆಯಾಗುವಷ್ಟರಲ್ಲಿ ಮನೆಯ ನೀರಿನ ಡ್ರಮ್ಮೇ ಬರಿದಾಗಿತ್ತು. ಕೆನ್ನೆಗೆ ತಾಗಿದ್ದೇ ತಡ, ಉರಿ ಇಳಿಯಿತು. ನನಗೆ ಅಷ್ಟು ಸಾಕಿತ್ತು.

ಸಂಜೆ ಅಮ್ಮ ಅನ್ನಕ್ಕಿಡಲು ಡ್ರಮ್ಮಿನ ಮುಚ್ಚಳ ತೆಗೆದಳು.

"ಇದು ನಿಮ್ಮ ಊರಿನ ಬಾವಿ ಅಲ್ಲ ಅತ್ತೆ. ಇನ್ನು ನಳ್ಳಿಯಲ್ಲಿ ನೀರು ಬರುವುದು ನಾಳೆ ಬೆಳಿಗ್ಗೆ."

ಪಕ್ಕದ ಮನೆಯ ಮರಾಠಿ ಹೆಂಗಸು, ನಮಗೆಲ್ಲ ಕಾಕು, ಒಂದು ಬಕೆಟ್ ನೀರು ಕೊಟ್ಟು ಆ ದಿನ ದಾಟಿಸಿದರು.

ಭಾನುವಾರ ನಾನೇ ಕೃಷ್ಣ. ಬಣ್ಣ ಚೆನ್ನಾಗಿ ಕೂತಿತು. ಬೇರೆ ಯಾರು ನಿಂತಿದ್ದರೂ ಅಷ್ಟು ಚಪ್ಪಾಳೆ ಬೀಳುತ್ತಿರಲಿಲ್ಲ, ಇದನ್ನು ಈಗಲೂ ಹೇಳುತ್ತೇನೆ. ಆದರೆ ಅಜ್ಜಿ ಅಂದಿನಿಂದ ಕುಡಿಯುವ ನೀರಿಗೂ ಅಮ್ಮನ ಮುಖ ನೋಡತೊಡಗಿದಳು. "ಒಂದು ಲೋಟ ತೆಗೊಳ್ಳಲಾ?" ಎಂದು ಕೇಳುವಳು. ಮಳೆ ಹಿಡಿಯುವ ಮೊದಲೇ ಊರಿಗೆ ಹೋದವಳು ಮತ್ತೆ ಮುಂಬೈಗೆ ಬರಲಿಲ್ಲ.

ಈಗ ಗೋರೆಗಾಂವಿನ ನಮ್ಮ ಬಿಲ್ಡಿಂಗಿನಲ್ಲಿ ನೀರು ಇಪ್ಪತ್ತನಾಲ್ಕು ಗಂಟೆಯೂ ಬರುತ್ತದೆ. ಮೊನ್ನೆ ಬಿಸಿಲಲ್ಲಿ ಕ್ರಿಕೆಟ್ ಆಡಿ ಕೆಂಪಾಗಿ ಬಂದ ಮಗಳಿಗೆಂದು ನಾನೇ ರಾಳದ ಬೆಣ್ಣೆ ತಿಕ್ಕಿದೆ. ಅಜ್ಜಿಯದರಷ್ಟೇ ಬೆಳ್ಳಗೆ ಬಂತು. ಅಮ್ಮ ಪಕ್ಕದಲ್ಲಿ ನಿಂತು ತಟ್ಟೆಗೆ ನೀರು ಹಾಕುತ್ತಿದ್ದಳು. ಸಾಕಮ್ಮ ಎಂದರೂ ನಿಲ್ಲಿಸಲಿಲ್ಲ.

"ಅತ್ತೆ ನನ್ನ ಮನೆಯಲ್ಲಿ ನೀರು ಕೇಳಿ ಕುಡಿದರು," ಎಂದಳು. "ಕೇಳಬೇಡಿ ಅಂತ ನಾನು ಒಂದು ಸಲವೂ ಹೇಳಲಿಲ್ಲ."