ಚುಕ್ಕೆ ಇಟ್ಟವನು ನಾನೇ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಕೂತಾಗಲೆಲ್ಲ ಬೇರೆ ಏನೋ ಕೆಲಸ ನೆನಪು ಮಾಡಿಕೊಂಡು ಎದ್ದಿದ್ದೇನೆ. ಹೆಂಡತಿಗೂ ಹೇಳಲಿಲ್ಲ, ಅವಳು ಹೋಗಿಬಿಟ್ಟಳು. ಇನ್ನು ಮುಂದೂಡಲು ನನಗೆ ಆಯುಷ್ಯ ಉಳಿದಿಲ್ಲ.

ನಾನು ಹೇಳಹೊರಟವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಹಿತ್ತಾಳೆ ಕೊಡ ಹೊತ್ತು ಹೊತ್ತು ಹಾಗಾಗಿತ್ತು. ಕೊಡ ಇಲ್ಲದಾಗಲೂ ಆ ಕಡೆಗೇ ವಾಲಿಕೊಂಡು ನಡೆಯುತ್ತಿದ್ದರು. ಯಲಹಂಕದ ಕಡೆ ಇದ್ದ ನಮ್ಮ ಹೈಸ್ಕೂಲಿನ ಜವಾನರು ಅವರು. ಗಂಟೆ ಹೊಡೆಯುವುದು, ಕೊಠಡಿ ಗುಡಿಸುವುದು, ಪರೀಕ್ಷೆಯ ದಿನ ಬೆಂಚಿನಿಂದ ಬೆಂಚಿಗೆ ಹೋಗಿ ನೀರು ಕೊಡುವುದು ಅವರ ಕೆಲಸ. ಶಾಲೆಯ ಹಿಂದಿನ ಕೋಣೆಯಲ್ಲಿ ಹೆಂಡತಿಯ ಜೊತೆ ಇದ್ದರು. ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತಿದ್ದರು. ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ.

ಐವತ್ತರ ದಶಕದ ಕೊನೆ. ನಾನು ಬ್ಯಾಟರಾಯನಪುರದಿಂದ ನಡೆದು ಬರುತ್ತಿದ್ದವನು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಇಂಗ್ಲಿಷಿನಲ್ಲಿ ಮಾತ್ರ ಡುಮ್ಕಿ ಹೊಡೆದಿದ್ದೆ. ಪಾಠದ ಪ್ರಶ್ನೆಗಳಿಗೆ ಉರು ಹೊಡೆದು ಬರೆಯುತ್ತಿದ್ದೆ. ಆದರೆ ಎಂದೂ ಕಾಣದ ಒಂದು ಪುಟ ಕೊಟ್ಟು, ಇದನ್ನು ಓದಿ ಉತ್ತರ ಬರೆಯಿರಿ ಅನ್ನುತ್ತಿದ್ದರಲ್ಲ, ಅಲ್ಲಿ ಮುಳುಗುತ್ತಿದ್ದೆ. ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರ ತರಬೇತಿಗೆ ಸೇರಲು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕಿತ್ತು, ವಯಸ್ಸು ಹತ್ತೊಂಬತ್ತು ದಾಟಿರಬಾರದಿತ್ತು. ನನಗೆ ಉಳಿದದ್ದು ಒಂದೇ ಪರೀಕ್ಷೆ. ಅಪ್ಪ ಕಲ್ಲು ಒಡೆದು ಒಡೆದು ಕೆಮ್ಮು ಹತ್ತಿಸಿಕೊಂಡಿದ್ದರು. "ಈ ಸಲಾನೂ ಓಯ್ತು ಅಂದ್ರೆ ನನ್ ಸುತ್ತಿಗೆ ನೀನ್ ಇಡ್ಕೋ" ಅಂದಿದ್ದರು.

ಒಂದು ಸಂಜೆ ಶಾಲೆಯ ಜಗಲಿಯಲ್ಲಿ ಅಳುತ್ತಾ ಕೂತಿದ್ದೆ. ಜವಾನರು ಪೊರಕೆ ಒರಗಿಸಿ ಪಕ್ಕದಲ್ಲಿ ಕೂತರು.

"ನಿನ್ನ ಎರಡ್ ಸಲಾನೂ ನೋಡಿವ್ನಿ ಕಣಪ್ಪಾ. ಮೂರ್ನೇ ಸಾಲ್ನಾಗೆ ಸಿಕ್ಕಾಕ್ಕೊಂಡು ಬೆವರ್ತೀಯ."

"ನಿಮಗೇನ್ ಗೊತ್ತು ಇಂಗ್ಲಿಷು?" ಎಂದು ರೇಗಿದೆ.

"ಇಂಗ್ಲಿಷ್ ಬರಾಕಿಲ್ಲ. ಉಡುಗ್ರ ಕಣ್ಣು ಗೊತ್ತು. ಇಪ್ಪತ್ ವರ್ಸ ನೀರ್ ಕೊಟ್ಟಿವ್ನಿ. ಪಾಸಾಗೋರ ಕಣ್ಣು ಮೊದ್ಲು ಕೆಳೀಕೆ, ಪ್ರಶ್ನೆಗೋಯ್ತದೆ. ಆಮ್ಯಾಕೆ ಮೇಲೀಕೆ. ಫೇಲಾಗೋರು ಮೇಲಿಂದ ಸುರು ಮಾಡಿ ಅಲ್ಲೇ ಕೂತ್ಬುಡ್ತಾರೆ."

ಮರುದಿನವೇ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಹುಡುಕಿ ತಂದರು. ಕೊಟ್ಟ ಪುಟದ ಮೇಲೆ ಡಬ್ಬದ ಮುಚ್ಚಳ ಇಟ್ಟು, ಪ್ರಶ್ನೆಗಳನ್ನು ಮಾತ್ರ ಓದಿಸಿದರು. ಏನು ಹುಡುಕಬೇಕೆಂದು ನಾನು ಕನ್ನಡದಲ್ಲಿ ಹೇಳಿದ ಮೇಲೆಯೇ ಮುಚ್ಚಳ ತೆಗೆಯುತ್ತಿದ್ದರು. ನಾನು ಓದುವಾಗ ಅವರು ಕಾಗದ ನೋಡುತ್ತಿರಲಿಲ್ಲ. ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ನನ್ನ ಕಣ್ಣನ್ನೇ ನೋಡುತ್ತಿದ್ದರು. ತಿಳಿಯದ ಶಬ್ದದ ಮೇಲೆ ನಿಂತರೆ ಸಾಕು, "ನಿಂತೆ, ನಿಂತೆ!" ಎಂದು ಕೂಗು.

"ಅರ್ಥ ಗೊತ್ತಿಲ್ಲ."

"ದಾಟ್ಕೊಂಡ್ ಓಗು. ಸಂತೇಲಿ ಸಿಕ್ದೋರ್ನೆಲ್ಲಾ ನಿಲ್ಸಿ ಯಾವೂರು ಅಂತ ಕೇಳ್ತೀಯೇನ್ಲಾ? ನಿಂಗ್ ಬೇಕಾದೋನ್ನ ಉಡುಕು."

ಉತ್ತರ ಸಿಕ್ಕ ಸಾಲಿನ ಅಂಚಿಗೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡಬೇಕು. ಎಲ್ಲ ಚುಕ್ಕೆ ಇಟ್ಟ ಮೇಲೆಯೇ ಬರೆಯಲು ಶುರು ಮಾಡಬೇಕು. ನಾನು ಬರೆದದ್ದು ಸರಿಯೋ ತಪ್ಪೋ ಅವರಿಗೆ ತಿಳಿಯುತ್ತಿರಲಿಲ್ಲ. ಮೇಷ್ಟ್ರಿಗೆ ತೋರಿಸಿ ಬಂದು, ಐದಕ್ಕೆ ನಾಲ್ಕು ಅಂದ ದಿನ ಕೋಣೆಯ ಕಡೆ ತಿರುಗಿ, "ಕೇಳಿದ್ಯೇನಮ್ಮೀ, ನಾಕು!" ಎಂದು ಹೆಂಡತಿಯನ್ನು ಕೂಗಿದ್ದರು.

ಪರೀಕ್ಷೆಯಲ್ಲಿ ಹಾಗೆಯೇ ಮಾಡಿದೆ. ಮೊದಲ ಸಲ ಆ ಪುಟ ನನಗೆ ಹೆದರಿಕೆ ಹುಟ್ಟಿಸಲಿಲ್ಲ. ಎಲ್ಲರಿಗಿಂತ ಮೊದಲು ಪೆನ್ನು ಕೆಳಗಿಟ್ಟೆ. ಎರಡು ಸಲ ಫೇಲಾದವನು ಇಷ್ಟು ಬೇಗ ಮುಗಿಸಿದನೆಂದು ಕೊಠಡಿಯ ಮೇಲ್ವಿಚಾರಕರಿಗೆ ಅನುಮಾನ ಬಂತು. ನನ್ನ ಪ್ರಶ್ನೆಪತ್ರಿಕೆ ಎತ್ತಿ ನೋಡಿದರು. ಐದು ಉತ್ತರಕ್ಕೆ ಐದು ಚುಕ್ಕೆ, ಸರಿಯಾದ ಸಾಲುಗಳಿಗೇ. ಆಗತಾನೆ ಜವಾನರು ನನಗೆ ನೀರು ಕೊಟ್ಟು ಹೋಗಿದ್ದರು.

ಪರೀಕ್ಷೆಯ ಮುಖ್ಯಸ್ಥರ ಕೋಣೆಗೆ ಕರೆದೊಯ್ದರು. ಅವರು ಬಾಗಿಲು ಹಾಕಿಸಿದರು.

"ನೀರು ಕೊಡೋ ನೆಪದಲ್ಲಿ ಅವನು ಗುರುತು ಹಾಕಿದ್ನಾ? ಹೌದು ಅಂದ್ರೆ ಅವನನ್ನ ಕಳಿಸಿ ಇಲ್ಲಿಗೇ ಮುಗಿಸ್ತೀನಿ, ನಿನ್ನ ಪೇಪರ್ ಉಳಿಯುತ್ತೆ. ಇಲ್ಲಾಂದ್ರೆ ನೀನು ಡಿಬಾರ್."

ನಾನೇ ಇಟ್ಟದ್ದು ಸಾರ್ ಅಂದರೆ ಸಾಕಿತ್ತು. ಬೇಕಾದರೆ ಇನ್ನೊಂದು ಪುಟ ಕೊಡಿ, ನಿಮ್ಮೆದುರೇ ಓದುತ್ತೇನೆ ಅನ್ನಬಹುದಿತ್ತು. ಇದೆಲ್ಲ ನನಗೆ ಹೊಳೆದದ್ದು ಮನೆ ಮುಟ್ಟಿದ ಮೇಲೆ. ಆಗ ಅಪ್ಪನ ಸುತ್ತಿಗೆ ಮಾತ್ರ ಕಣ್ಣಿಗೆ ಕಟ್ಟಿತ್ತು. ಹೌದೆಂದು ತಲೆಯಾಡಿಸಿದೆ.

ಜವಾನರನ್ನು ಕರೆಸಿದರು.

"ನಂಗೆ ಎ ಬಿ ಸಿ ಬರಾಕಿಲ್ಲ ಸ್ವಾಮಿ. ನಾನೆಂಗ್ ಗುರ್ತಾಕ್ಲಿ?"

"ಹೊರಗಡೆಯಿಂದ ಯಾರೋ ನಿನ್ನ ಕೈಲಿ ಕಳಿಸಿರ್ತಾರೆ. ನಮಗೂ ಗೊತ್ತು ಕಣಯ್ಯಾ."

ಜವಾನರು ನನ್ನ ಕಡೆ ತಿರುಗಿದರು. "ಯೋಳಪ್ಪಾ. ನೀನೇ ಯೋಳು."

ನಾನು ನೆಲ ನೋಡಿದೆ. ನನ್ನ ಕಣ್ಣು ಎಲ್ಲಿಗೆ ಹೋಯಿತೆಂದು ಅವರು ನೋಡಿದರು. ಮತ್ತೆ ಕೇಳಲಿಲ್ಲ.

ವಾರದೊಳಗೆ ಶಾಲೆಯ ಹಿಂದಿನ ಕೋಣೆ ಖಾಲಿಯಾಯಿತು. ನಾನು ಪಾಸಾದೆ. ತರಬೇತಿಗೂ ಸೇರಿದೆ.

ಆರೇಳು ವರ್ಷದ ಮೇಲೆ ಯಶವಂತಪುರ ಸ್ಟೇಷನ್ನಿನಲ್ಲಿ ಕಾರ್ಖಾನೆಯ ಇಬ್ಬರು ಗೆಳೆಯರ ಜೊತೆ ರೈಲಿಗೆ ಕಾಯುತ್ತಿದ್ದೆ. ಮೂಟೆ ಇಳಿಸುತ್ತಿದ್ದ ಮುದುಕರೊಬ್ಬರು ಹತ್ತಿರ ಬಂದರು. ಅವರೇ.

"ಪಾಸಾದ್ಯೇನಪ್ಪಾ?"

"ಹೂಂ."

"ಇಂಗ್ಲಿಷ್ನಾಗೂ?"

"ಹೂಂ."

ಮುಖ ಅರಳಿತು. ಜೊತೆಯ ಹಮಾಲನಿಗೆ ಕೂಗಿ ಹೇಳಿದರು: "ನೋಡ್ಲಾ, ಈ ಉಡುಗನ್ಗೆ ಇಂಗ್ಲಿಷ್ ಓದೋದ್ ಯೋಳ್ಕೊಟ್ಟೋನು ನಾನು!"

ಹಮಾಲ ನಕ್ಕ. "ಬುರುಡೆ ಬಿಡ್ಬೇಡ ತಾತ. ನಿಜವಾ ಸ್ವಾಮಿ?"

ಗೆಳೆಯರು ನನ್ನ ಮುಖ ನೋಡುತ್ತಿದ್ದರು. "ರೈಲು ಬಂತು" ಎಂದು ನಾನು ಮುಂದೆ ಹೋದೆ. ರೈಲು ಇನ್ನೂ ಬಂದಿರಲಿಲ್ಲ.

ಆಮೇಲೆ ಕ್ಷಮೆ ಕೇಳಲೆಂದೇ ಎರಡು ಸಲ ಅಲ್ಲಿಗೆ ಹೋದೆ. ಮೊದಲ ಸಲ ಅವರನ್ನು ದೂರದಿಂದ ಕಂಡು, ಧೈರ್ಯ ಸಾಲದೆ ವಾಪಸಾದೆ. ಎರಡನೆಯ ಸಲ ಅದೇ ಹಮಾಲ ಸಿಕ್ಕಿದ. "ತಾತ ತೀರೋಗಿ ಆರ್ ತಿಂಗ್ಳಾಯ್ತು ಸ್ವಾಮಿ. ಅವ್ರೆಂಡ್ರು ಯಾವೂರಿಗ್ ಓದ್ರೋ ಗೊತ್ತಿಲ್ಲ" ಅಂದ. ನಾನು ಯಾರೆಂದು ಅವನಿಗೆ ನೆನಪಿರಲಿಲ್ಲ. ನಾನೂ ಹೇಳಲಿಲ್ಲ.

ಅಂದು ಅವನು "ನಿಜವಾ?" ಎಂದು ಕೇಳಿದ್ದಕ್ಕೆ ಈಗ ಹೇಳುತ್ತೇನೆ: ನಿಜ. ನಾನು ಕೆಲಸ ಕಳೆದು, ಒಮ್ಮೆಯೂ ಕ್ಷಮೆ ಕೇಳದೆ ಬಿಟ್ಟ ಆ ಜವಾನರು ನನ್ನ ಇಂಗ್ಲಿಷ್ ಮೇಷ್ಟ್ರು.