ಒಡೆಯನಿಲ್ಲದ ಹಡಗಿನ ಇನಾಸಣ್ಣ

ಇನಾಸಣ್ಣ ಕೈ ಎತ್ತಿದರೆಂದರೆ ನನಗೆ ತಲೆನೋವು ಶುರು. ಹೈಜಂಪ್ ಹಾರಿ ಹಾರಿಯೇ ರೈಲ್ವೆ ಕೆಲಸ ಗಿಟ್ಟಿಸಿಕೊಂಡವರು ಅವರು. ಆರಡಿಗೂ ಮೇಲಿನ ಆಳು. ವಡೋದರಾದ ನಮ್ಮ ಮನೆಯ ಹಾಲಿನಲ್ಲಿ ಸಭೆ ಸೇರಿದಾಗ ಆ ಕೈ ಮೇಲೆದ್ದರೆ ಫ್ಯಾನಿಗೆ ತಾಗೀತೆಂದು ನಾನು ಓಡಿಹೋಗಿ ಸ್ವಿಚ್ ಆರಿಸುತ್ತಿದ್ದೆ. ಅಕ್ಟೋಬರಿನ ಸೆಖೆಯಲ್ಲಿ ಎಲ್ಲರೂ ಬೆವರುತ್ತ ಕೂತಿರುವಾಗ ಅವರು ನಿಧಾನವಾಗಿ ಹೇಳುತ್ತಿದ್ದರು, "ಅಕ್ಕಾರ, ಇದನ್ನ ಓಟಿಗೆ ಹಾಕೂಣ್ರಿ."

ಯಾವುದನ್ನು ಓಟಿಗೆ ಹಾಕಬೇಕು ಎಂಬುದಕ್ಕೆ ಮಿತಿಯೇ ಇರಲಿಲ್ಲ. ಉಪ್ಪಿಟ್ಟೋ ಅವಲಕ್ಕಿಯೋ ಎಂಬುದು ಓಟು. ಕುರ್ಚಿಯೋ ಜಮಖಾನೆಯೋ ಎಂಬುದೂ ಓಟು. ಒಮ್ಮೆ, ಸಭೆ ಮುಗಿಸೋಣವೇ ಎಂದು ನಾನು ಬೇಸತ್ತು ಕೇಳಿದ್ದನ್ನೂ ಓಟಿಗೆ ಹಾಕಿದರು. ಮುಗಿಸಬಾರದೆಂದು ಬಂತು.

ಬ್ಯಾಂಕು, ರೈಲ್ವೆ, ವಿಮೆ ಎಂದು ವರ್ಗವಾಗಿ ಬಂದ ಕೆಲವು ಕನ್ನಡದ ಮನೆಗಳು ಸೇರಿ ಕಟ್ಟಿಕೊಂಡ ಪುಟ್ಟ ಕೂಟ ನಮ್ಮದು. ಮೊಬೈಲ್ ಇನ್ನೂ ಮ್ಯಾನೇಜರುಗಳ ಜೇಬಿನಲ್ಲಷ್ಟೇ ಇದ್ದ ಕಾಲ. ಮೈಸೂರಿನಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದ ನನ್ನನ್ನು ಬಂದ ವರ್ಷವೇ ಕಾರ್ಯದರ್ಶಿ ಮಾಡಿ ಹಳಬರೆಲ್ಲ ಕೈ ತೊಳೆದುಕೊಂಡರು. ಅಧ್ಯಕ್ಷರು ವಿಮೆಯಲ್ಲಿದ್ದ ಶ್ರೀಪಾದರಾಯರು. ಹಳಿಯಾಳದ ಕಡೆಯ ಇನಾಸ ಸಿದ್ದಿಯವರು ಸಭೆಗಳಿಗೆ ಬಂದು ಬಾಗಿಲ ಪಕ್ಕದಲ್ಲಿ ಕೂತು ಹೋಗುತ್ತಿದ್ದರಂತೆ, ಬಾಯಿ ಬಿಟ್ಟವರೇ ಅಲ್ಲವಂತೆ. ನನ್ನ ಗ್ರಹಚಾರ, ಅವರು ಬಾಯಿ ಬಿಟ್ಟದ್ದು ನನ್ನ ಕಾಲದಲ್ಲಿ.

ಅದಕ್ಕೆ ಕಾರಣ ಒಬ್ಬಳು ವಿದೇಶಿ ಸಂಶೋಧಕಿ. ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಬಂದ ಸಿದ್ದಿಗಳ ಸಂತತಿ ಗುಜರಾತಿನಲ್ಲೂ ಇದೆ, ನಮ್ಮ ಹಳಿಯಾಳ, ಯಲ್ಲಾಪುರದ ಕಾಡಿನಲ್ಲೂ ಇದೆ. ಅವರನ್ನು ಹುಡುಕಿಕೊಂಡು ಬಂದವಳು ರೈಲ್ವೆ ಕಾಲೊನಿಯಲ್ಲೂ ಒಬ್ಬ ಸಿದ್ದಿ ಇದ್ದಾರೆಂದು ಯಾರಿಂದಲೋ ಕೇಳಿ ಇನಾಸಣ್ಣನ ಮನೆಗೆ ಹೋದಳು. ಇಂಗ್ಲಿಷ್ ಮಾತಾಡಲು ನನ್ನನ್ನು ಕರೆಸಿಕೊಂಡರು. "ನೀವು ಡೊಳ್ಳು ಬಾರಿಸುತ್ತೀರಾ?" ಎಂದು ಕೇಳಿದಳು. ಇನಾಸಣ್ಣ ಇಲ್ಲವೆಂದರು. "ಕುಣಿಯುತ್ತೀರಾ?" ಇಲ್ಲ. ಪಾಪ, ಅವಳಿಗೆ ಮುಂದೇನು ಕೇಳುವುದೋ ತೋಚಲಿಲ್ಲ. ಚಹಾ ಬಂತು. ಚಹಾ ಕುಡಿಯುತ್ತ ಅವಳು ತನ್ನ ಕತೆ ತೆಗೆದಳು.

ಕೆರಿಬಿಯನ್ ಸಮುದ್ರದಲ್ಲಿ ಕಡಲ್ಗಳ್ಳರ ಹಡಗುಗಳಿದ್ದವು. ಕಬ್ಬಿನ ತೋಟದಿಂದ ತಪ್ಪಿಸಿಕೊಂಡ ಗುಲಾಮರು, ಗುಲಾಮರನ್ನು ಸಾಗಿಸುವ ಹಡಗಿನಿಂದ ಬಿಡಿಸಿಕೊಂಡವರು ಅಲ್ಲಿ ಸೇರಿಕೊಂಡರು. ಕೆಲವು ಹಡಗುಗಳಲ್ಲಿ ಅವರಿಗೂ ಸಮಪಾಲು, ಅವರಿಗೂ ಓಟು. ನಾಯಕನನ್ನು ಎಲ್ಲರೂ ಸೇರಿ ಆರಿಸುತ್ತಿದ್ದರು, ಬೇಡವೆನಿಸಿದರೆ ಇಳಿಸುತ್ತಿದ್ದರು. ಎಲ್ಲ ಹಡಗೂ ಹೀಗಿರಲಿಲ್ಲ, ಕೆಲವು ಕಳ್ಳರು ಗುಲಾಮರನ್ನು ತಾವೇ ಮಾರಿಕೊಂಡರು ಎಂದೂ ಅವಳು ಹೇಳಿದಳು, ನಾನೂ ಒತ್ತಿ ಅನುವಾದಿಸಿದೆ. ಇನಾಸಣ್ಣ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಕೊನಿಗೆ ಏನಾತು ಕೇಳ್ರಿ ಅಕ್ಕಾರ," ಎಂದರು.

ಅವಳು ಹೇಳಿದಳು. ಹಿಡಿದ ಬಿಳಿಯರನ್ನು ವಿಚಾರಣೆ ಮಾಡಿ ಗಲ್ಲಿಗೇರಿಸಿದರು. ಕರಿಯರನ್ನು ಎಷ್ಟೋ ಸಲ ವಿಚಾರಣೆಯನ್ನೂ ಮಾಡದೆ ಮತ್ತೆ ಮಾರಿಬಿಟ್ಟರು.

ಇನಾಸಣ್ಣ ಚಹಾದ ಬಸಿ ಕೆಳಗಿಟ್ಟರು. "ಗಲ್ಲಿಗೂ ಏರಿಸ್ಲಿಲ್ಲೇನ್ರಿ?" ಎಂದರು. ಬದುಕಿಕೊಂಡರಲ್ಲ ಬಿಡಿ ಎಂದೆ ನಾನು. "ಅಲ್ರಿ ಅಕ್ಕಾರ, ತಪ್ಪು ಮಾಡಿದ ಮನಿಷ್ಯಾಗ ಶಿಕ್ಷಾ ಕೊಡ್ತಾರ. ಕಳುವಾದ ಎಮ್ಮಿ ಸಿಕ್ರ ಅದಕ್ಯಾರ ಶಿಕ್ಷಾ ಕೊಡ್ತಾರ? ಹಗ್ಗಾ ಹಿಡದು ತಿರುಗಿ ಮಾಲಕಗ ಕೊಡ್ತಾರ, ಅಷ್ಟ."

ಅಂದಿನಿಂದ ಹಿಡಿದ ಹುಚ್ಚು. ನಾನು "ಕಡಲ್ಗಳ್ಳರು" ಎಂದರೆ ಸಾಕು, "ಮೊದಲ ಕದ್ದವ್ರು ಯಾರ್ರಿ?" ಎಂದು ಜಗಳಕ್ಕೆ ಬರುತ್ತಿದ್ದರು. ರಾಜ್ಯೋತ್ಸವಕ್ಕೆ ಮಕ್ಕಳಿಂದ ಇದೇ ನಾಟಕ ಆಡಿಸಬೇಕೆಂದು ಪಟ್ಟು ಹಿಡಿದರು. ಕನ್ನಡ ತಾಯಿಯ ಹಬ್ಬಕ್ಕೆ ಕೆರಿಬಿಯನ್ನಿನ ಕಳ್ಳರೇ! ರಾಯರು ಹೌಹಾರಿದರು. ನಾನೂ ಬೇಡವೆನ್ನುವವಳಿದ್ದೆ. ಆಗ ಇನಾಸಣ್ಣ ನನ್ನನ್ನು ಬಾಲ್ಕನಿಗೆ ಕರೆದು ಮೆಲ್ಲಗೆ ಹೇಳಿದರು, "ನಮ್ಮ ಲೂಸಿ ಬರವಲ್ಲಳ್ರಿ ಕೂಟಕ್ಕ. ಪ್ರತಿ ವರ್ಷ ಆಕಿಗೆ ರಕ್ಕಸಿ ಪಾತ್ರನ ಕೊಡ್ತಾರ."

ಲೂಸಿ ಅವರ ಒಬ್ಬಳೇ ಮಗಳು, ಆರನೆಯ ಕ್ಲಾಸು. ನಮ್ಮ ಮಕ್ಕಳಿಗೆಲ್ಲ ಬರುವುದು ಹಿಂದಿ, ಗುಜರಾತಿ, ಇಂಗ್ಲಿಷು. ಕನ್ನಡವೆಂದರೆ "ಊಟ ಆಯ್ತಾ" ಮಟ್ಟದ್ದು. ಅಚ್ಚುಕಟ್ಟಾಗಿ ಕನ್ನಡ ಆಡುತ್ತಿದ್ದವಳು ಇವಳೊಬ್ಬಳೇ. ಆದರೂ ಗುಂಗುರು ಕೂದಲಿನ ಆ ಹುಡುಗಿಯನ್ನೇ ನಮ್ಮ ಹೆಂಗಸರು ಗಲ್ಲ ಹಿಡಿದು, "ಎಷ್ಟು ಚೆನ್ನಾಗಿ ಮಾತಾಡ್ತೀಯೇ, ಕನ್ನಡ ಯಾವಾಗ ಕಲಿತೆ?" ಎನ್ನುತ್ತಿದ್ದರು. ನನಗೆ ಸಿಟ್ಟು ಬಂತು. ರಾಯರೊಡನೆ ಹೋರಾಡಿ ನಾಟಕಕ್ಕೆ ಒಪ್ಪಿಗೆ ತಂದೆ. ಮಕ್ಕಳ ನಾಟಕದಲ್ಲಿ ನೇಣುಗಂಬ ಕೂಡದೆಂದು ರಾಯರು ಕಡ್ಡಿ ಮುರಿದಂತೆ ಹೇಳಿದ್ದರಿಂದ ಗಲ್ಲು ಹೋಗಿ ಶಿಕ್ಷೆಯಾಯಿತು.

ಲೂಸಿ ನಾಯಕಿಯಾಗುತ್ತಾಳೆ, ತಲೆ ಎತ್ತಿ ನಿಲ್ಲುತ್ತಾಳೆ, ಇಷ್ಟೇ ತಾನೇ ಆಗಬೇಕಿದ್ದದ್ದು. ಆದರೆ ತಾಲೀಮಿನ ಮೊದಲ ದಿನವೇ ಈ ಮಹಾನುಭಾವರು ಕೈ ಎತ್ತಿದರು. ಹಡಗಿನ ನಾಯಕ ಯಾರೆಂದು ಮಕ್ಕಳೇ ಓಟು ಹಾಕಬೇಕಂತೆ! ಸೂರತ್ತಿನ ಮಾವ ಕೊಡಿಸಿದ ಲೈಟು ಹತ್ತುವ ಪ್ಲಾಸ್ಟಿಕ್ ಕತ್ತಿ ಬ್ಯಾಂಕ್ ಮ್ಯಾನೇಜರರ ಮಗ ಪ್ರಣವನ ಹತ್ತಿರ ಇತ್ತು. ಕೈಗಳೆಲ್ಲ ಕತ್ತಿಯ ಕಡೆಗೆ ಎದ್ದವು. ಲೂಸಿ ಹಗ್ಗ ಎಳೆಯುವ ನಾವಿಕಳಾದಳು.

"ಇನಾಸಣ್ಣ, ನಿಮಗೆ ಬುದ್ಧಿ ಇದೆಯಾ?" ಎಂದು ನಾನು ಕೂಗಾಡಿದೆ. "ನಾಟಕ ಮಾಡಿಸ್ತಿರೋದು ನೀವು. ಲೂಸೀನೇ ನಾಯಕಿ ಅಂತ ಒಂದು ಮಾತು ಹೇಳಿ, ಮುಗೀತು."

"ಹಂಗ ಹೇಳಿದ್ರ ನಾನೂ ಒಡೆಯಾನ ಆದ್ನಲ್ರಿ ಅಕ್ಕಾರ," ಎಂದರು. ಹಾಗೆನ್ನುವಾಗ ಅವರ ಮುಖ ಸಣ್ಣಗಾಗಿತ್ತು. ಮಗಳು ಮೂರು ದಿನ ಅವರೊಡನೆ ಮಾತಾಡಲಿಲ್ಲವಂತೆ. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ ನನಗೆ.

ಕಾರ್ಯಕ್ರಮ ಒಂದು ಬಾಡಿಗೆ ಹಾಲಿನಲ್ಲಿ. ಮಕ್ಕಳಿಗೆ ಕನ್ನಡ ಅಕ್ಷರ ಬಾರದ್ದರಿಂದ ತಾಯಂದಿರು ಮಾತುಗಳನ್ನು ಗುಜರಾತಿ ಲಿಪಿಯಲ್ಲಿ ಬರೆದುಕೊಟ್ಟಿದ್ದರು. ಆ ಲಿಪಿಯಲ್ಲಿ ನಮ್ಮ ಗಿಡ್ಡ ಒಕಾರವಿಲ್ಲ. ಪ್ರಣವನ ತಾಯಿ "ಒ" ಬದಲು "ವ" ಬರೆದಿದ್ದರು. "ನಮಗೆ ಒಡೆಯ ಇಲ್ಲ!" ಎಂದು ಗರ್ಜಿಸಬೇಕಾದ ಹುಡುಗ ಲೈಟಿನ ಕತ್ತಿ ಝಳಪಿಸಿ, ಗುಜರಾತಿಯಂತೆ ಕೊನೆಯ ಅಕಾರ ನುಂಗಿ, "ನಮಗೆ ವಡೆಯಿಲ್ಲ!" ಎಂದು ಗರ್ಜಿಸಿದ.

ಹಾಲಿನ ಹಿಂದೆ ನಿಜಕ್ಕೂ ವಡೆ ಕರಿಯುತ್ತಿದ್ದರು. ಅಡುಗೆಯ ಭಟ್ಟರು ಜಾಲರಿ ಸೌಟು ಹಿಡಿದೇ ಓಡಿ ಬಂದು, "ಯಾರಪ್ಪಾ ಇಲ್ಲ ಅಂದೋರು? ಎಲ್ಲರಿಗೂ ಎರಡೆರಡು ಇದೆ!" ಎಂದರು. ಹಾಲಿಗೆ ಹಾಲೇ ನಕ್ಕಿತು. ಪ್ರಣವ ಕಕ್ಕಾಬಿಕ್ಕಿಯಾಗಿ, ಕತ್ತಿ ಬಿಸಾಡಿ, ಅಳುತ್ತ ಅಮ್ಮನ ಕಡೆ ಓಡಿದ. ಪರದೆ ಎಳೆಯಿರಿ ಎಂದು ರಾಯರು ಸನ್ನೆ ಮಾಡಿದರು, ಪರದೆಯ ಹಗ್ಗ ನನ್ನ ಕೈಯಲ್ಲೇ ಇತ್ತು.

ಅಷ್ಟರಲ್ಲಿ ಸಾಲಿನ ಕೊನೆಯಲ್ಲಿ ಒಂದು ಕೈ ಮೇಲೆದ್ದಿತು. ಅಪ್ಪನದೇ ಕೈ, ಅಳತೆ ಮಾತ್ರ ಸಣ್ಣದು.

"ಕ್ಯಾಪ್ಟನ್ ಓಡಿ ಹೋಗ್ಯಾನ," ಎಂದಳು ಲೂಸಿ. "ಹೊಸಾ ಕ್ಯಾಪ್ಟನ್ ಬೇಕು. ನಾ ಆಗ್ತೀನಿ. ಒಪ್ಪಿದವ್ರು ಕೈ ಎತ್ರಿ."

ಇದೂ ನಾಟಕವೇ ಎಂದುಕೊಂಡು ಮಕ್ಕಳು ಕೈ ಎತ್ತಿದರು. ನಾನು ಪರದೆ ಎಳೆಯದೆ ಹಗ್ಗ ಬಿಟ್ಟೆ. ನಾಟಕ ಮುಂದುವರಿದು ಹಡಗಿನವರೆಲ್ಲ ಸೆರೆಯಾದ ಮೇಲೆ, ನ್ಯಾಯಾಧೀಶೆಯಾಗಿದ್ದ ರಾಯರ ಮೊಮ್ಮಗಳು ತನ್ನ ಪಾಠ ಒಪ್ಪಿಸಿದಳು: ಬಿಳಿಯರಿಗೆ ಶಿಕ್ಷೆ ಕೊಡಿ, ಈ ಕರಿಯರನ್ನು ಸಂತೆಯಲ್ಲಿ ಮಾರಿ. ಲೂಸಿ ಒಂದು ಹೆಜ್ಜೆ ಮುಂದೆ ಬಂದಳು.

"ನಮಗ ಬೆಲಿ ಕಟ್ಟಬ್ಯಾಡ್ರಿ. ಶಿಕ್ಷಾ ಕೊಡ್ರಿ. ನಾವೂ ಮನಿಷ್ಯಾರು."

ನಗು ನಿಂತಿತ್ತು. ನನ್ನ ಕಣ್ಣು ತುಂಬಿತು. ಪಕ್ಕದಲ್ಲಿ ನಿಂತ ಇನಾಸಣ್ಣನ ಕಡೆ ತಿರುಗಿದರೆ ಅವರು ಹುಬ್ಬು ಗಂಟಿಕ್ಕಿಕೊಂಡು, "ಓಟ್ ಎಣಸಲೇ ಇಲ್ಲಲ್ರಿ ಆಕಿ," ಎಂದರು. ಅವರನ್ನು ಅಲ್ಲೇ ಗಲ್ಲಿಗೇರಿಸಬೇಕೆನ್ನಿಸಿತು.

ಮುಂದಿನ ಬೇಸಿಗೆಯಲ್ಲಿ ಅವರಿಗೆ ಭಾವನಗರಕ್ಕೆ ವರ್ಗವಾಯಿತು. ಬೀಳ್ಕೊಡಲು ಸ್ಟೇಷನ್ನಿಗೆ ಹೋಗಿದ್ದೆ. "ಮನ್ಯಾಗ ಓಟಿಗೆ ಹಾಕಿದ್ವಿ ಅಕ್ಕಾರ. ಹೋಗೂದು ಬ್ಯಾಡ ಅಂತ ಬಂತು," ಎಂದರು ಇನಾಸಣ್ಣ. "ಆದ್ರ ಆರ್ಡರ್ ಕಳಸಾವ್ರು ನಮ್ಮ ಓಟ್ ಎಣಸೂದಿಲ್ಲ." ಲೂಸಿ ಕಿಟಕಿಯಿಂದ ಗುಜರಾತಿಯಲ್ಲಿ "ಆವ್ಜೋ, ಆಂಟಿ" ಎಂದು ವಿದಾಯ ಹೇಳಿದಳು. ಗಾಡಿ ಹೊರಟ ಮೇಲೂ ಬಾಗಿಲಲ್ಲಿ ಆ ಉದ್ದ ಕೈ ಬಹಳ ದೂರದವರೆಗೆ ಕಂಡಿತು. ಅಬ್ಬ, ಇನ್ನಾದರೂ ಸಭೆಗಳು ಬೇಗ ಮುಗಿಯುತ್ತವೆ ಎಂದುಕೊಂಡು ಮನೆಗೆ ಬಂದೆ.

ಬೇಗ ಮುಗಿದವು ಕೂಡ. ಆ ವರ್ಷದ ರಾಜ್ಯೋತ್ಸವದ ಸಭೆಯೂ ಮುಗಿಯುತ್ತ ಬಂದಿತ್ತು. ಪೌರಾಣಿಕ ನಾಟಕವೆಂದು ತೀರ್ಮಾನವಾಗಿತ್ತು. ರಾಯರು ಪಟ್ಟಿ ನೋಡುತ್ತ, "ಛೆ, ಇನಾಸನ ಮಗಳು ಇದ್ದಿದ್ದರೆ ರಕ್ಕಸಿ ಪಾತ್ರದ ಯೋಚನೆಯೇ ಇರ್ತಿರಲಿಲ್ಲ. ಮೇಕಪ್ಪೂ ಉಳೀತಿತ್ತು," ಎಂದರು. ಒಳ್ಳೆಯ ಮನುಷ್ಯ, ಬೇಕೆಂದು ಹೇಳಿದ್ದಲ್ಲ. ಅದೇ ಸಂಕಟ. ಎಲ್ಲರೂ ನಕ್ಕರು.

ನಾನು ಕೈ ಎತ್ತಿದೆ.

"ಇದನ್ನು ಓಟಿಗೆ ಹಾಕೋಣ," ಎಂದೆ.

"ಯಾವುದನ್ನಮ್ಮಾ?"

"ಯಾರಿಗೆ ಯಾವ ಪಾತ್ರ ಅನ್ನೋದನ್ನ ಮಕ್ಕಳೇ ಓಟು ಹಾಕಿ ಆರಿಸಲಿ. ಬೇಡ ಅಂದ ಮಗುವಿಗೆ ರಕ್ಕಸಿ ಪಾತ್ರ ಕೊಡಕೂಡದು."

ಎಲ್ಲರೂ ನನ್ನ ಕಡೆ ತಿರುಗಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಒಂದು ವರ್ಷವಿಡೀ ನಾನು ಇನಾಸಣ್ಣನನ್ನು ನೋಡಿದ್ದು ಹಾಗೆಯೇ. ಯಾರೋ ಗಡಿಯಾರ ನೋಡಿಕೊಂಡರು. ರಾಯರು ನಿಟ್ಟುಸಿರು ಬಿಟ್ಟರು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು, ನನ್ನ ಕೈ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೂ ಇಳಿಸಲಿಲ್ಲ.