ಕಿಸೆಯಿಲ್ಲದ ಚಡ್ಡಿ

ನಾನು ಚಿಕ್ಕವನಿದ್ದಾಗ ಮಾಡಿದ ಒಂದು ಕೆಲಸವನ್ನು ನಿಮಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ ಮಕ್ಕಳೇ. ಪ್ರತಿ ಸಲವೂ ಹುಲಿಯ ಕಥೆಯನ್ನೋ ಹಳ್ಳದಲ್ಲಿ ಏಡಿ ಹಿಡಿದ ಕಥೆಯನ್ನೋ ಹೇಳಿ ತಪ್ಪಿಸಿಕೊಂಡೆ. ಇವತ್ತು ಹುಲಿಯೂ ಇಲ್ಲ, ಏಡಿಯೂ ಇಲ್ಲ. ನಡೆದದ್ದನ್ನೇ ಬರೆಯುತ್ತೇನೆ.

ನಮ್ಮ ಮನೆ ಇದ್ದದ್ದು ನರಸಿಂಹರಾಜಪುರದ ಪೇಟೆಯಲ್ಲಿ. ಮುಂದುಗಡೆ ಅಪ್ಪನ ಸೈಕಲ್ ಅಂಗಡಿ, ಹಿಂದುಗಡೆ ನಾವು. ಸಾರಿನ ಒಗ್ಗರಣೆಯ ಜೊತೆಗೆ ಟ್ಯೂಬಿಗೆ ಹಚ್ಚುವ ಅಂಟಿನ ವಾಸನೆಯೂ ಮನೆಯಲ್ಲಿ ಸದಾ ಇರುತ್ತಿತ್ತು. ಅಕ್ಕ ದೂರದ ಊರಿನ ಕಾಲೇಜಿನಲ್ಲಿ ಗೃಹವಿಜ್ಞಾನ ಓದುತ್ತಿದ್ದಳು. ಊಟದಲ್ಲಿ ಏನೇನಿರಬೇಕು, ಮಕ್ಕಳು ಹೇಗೆ ಬೆಳೆಯುತ್ತಾರೆ, ಬಟ್ಟೆ ಹೇಗೆ ಹೊಲಿಯಬೇಕು, ಇವನ್ನೆಲ್ಲ ಕಲಿತು ಹೈಸ್ಕೂಲಿನ ಮಕ್ಕಳಿಗೆ ಕಲಿಸುವ ಟೀಚರ್ ಆಗಬೇಕೆಂಬುದು ಅವಳ ಆಸೆ. ಅಪ್ಪನಿಗೆ ಅದು ತಲೆಗೇ ಹೋಗುತ್ತಿರಲಿಲ್ಲ.

"ಅನ್ನ ಬೇಯ್ಸೋದು ಕಲಿಯಕ್ಕೆ ಕಾಲೇಜ್ ಎಂತಕ್ಕೆ ಮಾರಾಯ್ತಿ? ನಿನ್ನ ಅಮ್ಮ ಯಾವ ಕಾಲೇಜಿಗೆ ಹೋಗಿದ್ಲು?" ಎನ್ನುತ್ತಿದ್ದ.

"ಹೋಗಿದ್ರೆ ಈ ಮನೆಗೆ ಬರ್ತಿರ್ಲಿಲ್ಲ ಬಿಡಿ," ಎಂದು ಅಮ್ಮ ಒಲೆಯ ಮುಂದಿನಿಂದಲೇ ಉತ್ತರ ಕೊಡುತ್ತಿದ್ದಳು. ಅಪ್ಪ ನಗುತ್ತಿದ್ದ. ಆದರೆ ಅವನ ಷರತ್ತು ಮಾತ್ರ ನಗೆಯದಾಗಿರಲಿಲ್ಲ. ಎಲ್ಲಾದರೂ ಒಮ್ಮೆ ಫೇಲಾದರೆ ಓದು ಅಲ್ಲಿಗೇ ಬಂದ್.

ಆ ಬೇಸಿಗೆ ರಜೆಗೆ ಅಕ್ಕ ಬಂದಾಗ ಕಾಲೇಜಿನವರು ಒಂದು ಕೆಲಸ ಕೊಟ್ಟು ಕಳಿಸಿದ್ದರು. ಒಂದು ಮಗುವನ್ನು ಆರಿಸಿಕೊಂಡು, ಒಳ್ಳೆಯ ಆಹಾರ ಕೊಟ್ಟು, ಅದು ಹೇಗೆ ಬೆಳೆಯುತ್ತದೆಂದು ವಾರವಾರವೂ ತೂಗಿ ಬರೆಯಬೇಕು. ಕೊನೆಗೆ ಕೊಪ್ಪದ ಹೈಸ್ಕೂಲಿನ ಟೀಚರಮ್ಮ ಬಂದು ನೋಡಿ ಸಹಿ ಹಾಕುತ್ತಾರೆ. ಸಹಿಯಿಲ್ಲದಿದ್ದರೆ ಆ ವರ್ಷ ಫೇಲ್. ಅಕ್ಕ ಹೆಚ್ಚು ಹುಡುಕಲಿಲ್ಲ. ಗಾಳಿಗೆ ಹಾರಿಹೋಗುವಂತಿದ್ದ ನಾನು ಮನೆಯಲ್ಲೇ ಇದ್ದೆನಲ್ಲ!

ಅವಳು ಹುರುಳಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ಬೆಳಿಗ್ಗೆ ಬೆಳಿಗ್ಗೆ ಗಂಜಿ ಕಾಯಿಸುತ್ತಿದ್ದಳು. ಅದರ ಬಣ್ಣ ಕೆಸರಿನದು, ವಾಸನೆ ಒದ್ದೆ ಗೋಣಿಚೀಲದ್ದು. ಅದಾದರೂ ಹೋಗಲಿ. ನಮ್ಮ ಕಡೆ ಹುರುಳಿ ಬೇಯಿಸಿ ಇಡುವುದು ಉಳುವ ಎತ್ತಿಗೆ. ಸುದ್ದಿ ಹೇಗೋ ಬೀದಿಗೆ ಬಿತ್ತು. ನಾನು ಹೊರಗೆ ಕಾಲಿಟ್ಟರೆ ಸಾಕು, "ಹೋಯ್ ಎತ್ತೇ, ಹುರುಳಿ ಆಯ್ತಾ? ಗಾಡಿ ಕಟ್ಟನಾ?" ಎಂದು ಹುಡುಗರು ಕೂಗುತ್ತಿದ್ದರು. ಒಬ್ಬನಂತೂ ನನ್ನ ಬೆನ್ನು ಚಪ್ಪರಿಸಿ "ಹೈ ಹೈ" ಎಂದ.

ಮರುದಿನದಿಂದ ನಾನು ಗಂಜಿಯ ಲೋಟ ಹಿಡಿದು ಹಿತ್ತಲಿಗೆ ಹೋಗಿ, ಪಕ್ಕದ ಮನೆ ಅಜ್ಜಿಯ ಕರುವಿನ ಬಾನಿಗೆ ಸುರಿದು, ಬಾಯಿ ಒರೆಸಿಕೊಂಡು ಬರತೊಡಗಿದೆ. ಕರು ಬಾಲ ಎತ್ತಿ ಓಡಿ ಬರುತ್ತಿತ್ತು. "ಎಂತ ಮಾಯವೋ, ಈ ಸಲ ಕರು ಹ್ಯಾಗೆ ಮೈ ತುಂಬ್ಕಂಡಿದೆ ನೋಡು!" ಎಂದು ಅಜ್ಜಿ ಅಮ್ಮನ ಹತ್ತಿರ ಹೇಳಿದಾಗ ನಾನು ಅಲ್ಲಿಂದ ಓಡಿಹೋದೆ.

ತೂಕ ನೋಡುತ್ತಿದ್ದದ್ದು ಅಕ್ಕಿ ಮಿಲ್ಲಿನಲ್ಲಿ, ಭಾನುವಾರ. ಮೂಟೆ ತೂಗುವ ಹಲಗೆಯ ಮೇಲೆ ನನ್ನನ್ನು ನಿಲ್ಲಿಸುತ್ತಿದ್ದರು. ಗಾಳಿಯಲ್ಲೆಲ್ಲ ತೌಡಿನ ಬೆಚ್ಚಗಿನ ಪರಿಮಳ, ಕಾಲಡಿಯಲ್ಲಿ ಯಂತ್ರದ ನಡುಕ. ಗಂಜಿ ಕರುವಿನ ಹೊಟ್ಟೆ ಸೇರಿದರೆ ನನ್ನ ತೂಕ ಏರುವುದು ಹೇಗೆ? ಅದಕ್ಕೆ ಹಳ್ಳದ ನುಣುಪು ಕಲ್ಲುಗಳನ್ನು ಚಡ್ಡಿಯ ಎರಡೂ ಕಿಸೆಗೆ ತುಂಬಿಕೊಂಡು ಹೋದೆ. ವಾರ ಕಳೆದಂತೆ ಕಲ್ಲು ಹೆಚ್ಚಿಸಿದೆ. ಚಡ್ಡಿ ಜಾರದಂತೆ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತಿದ್ದೆ. ಅಂಗಿ ಉದ್ದ ಇದ್ದದ್ದರಿಂದ ಬಚಾವಾದೆ.

"ಹಿಂಗೇ ಆದ್ರೆ ಮುಂದಿನ ತಿಂಗಳು ಇವನನ್ನ ಗೋಣಿಲಿ ತುಂಬಿ ಬಾಯಿ ಹೊಲಿಬೋದು ಕಣಮ್ಮ," ಎಂದು ತೂಗುವ ಮಾಮ ನಗುತ್ತಿದ್ದ. ಅಕ್ಕನ ಮುಖ ಅರಳುತ್ತಿತ್ತು. ಮನೆಗೆ ಬಂದವಳೇ ಗೋಡೆಯ ಮೇಲಿನ ಹಾಳೆಯಲ್ಲಿ ಕೆಂಪು ಗೆರೆಯನ್ನು ಇನ್ನಷ್ಟು ಮೇಲಕ್ಕೆ ಎಳೆಯುತ್ತಿದ್ದಳು. ಅವಳ ಸಂತೋಷ ನೋಡಿ ನನಗೂ ಸಂತೋಷವಾಗುತ್ತಿತ್ತು. ನಾನು ಅವಳಿಗೆ ಸಹಾಯವನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಟೀಚರಮ್ಮ ಬರುವ ದಿನ ಅಕ್ಕ ನನ್ನನ್ನು ಬೇಗ ಎಬ್ಬಿಸಿ ಸ್ನಾನ ಮಾಡಿಸಿದಳು. ಆಮೇಲೆ ನೀಲಿ ಬಟ್ಟೆಯ ಹೊಸ ಚಡ್ಡಿಯೊಂದನ್ನು ಬೆನ್ನ ಹಿಂದಿನಿಂದ ತೆಗೆದು ತೋರಿಸಿದಳು. ನನಗೆ ಗೊತ್ತಾಗದಂತೆ ತಾನೇ ಹೊಲಿದಿದ್ದಳು. ಹಾಕಿಕೊಂಡು ಎರಡೂ ಪಕ್ಕ ತಡಕಿದೆ.

"ಅಕ್ಕಾ, ಕಿಸೆ ಎಲ್ಲಿ?"

"ಕಿಸೆ ಹೊಲಿಯೋದು ಇನ್ನೂ ಕಲಿಸಿಲ್ಲ. ಕಿಸೆಲಿ ಇಡಕ್ಕೆ ನಿನ್ನ ಹತ್ರ ಎಂತ ಇದೆ ಮಾರಾಯ, ಚಿನ್ನವಾ?"

ಹಳೆಯ ಚಡ್ಡಿಯೇ ಬೇಕೆಂದು ಅತ್ತೆ. ಅದು ಹಗ್ಗದ ಮೇಲೆ ನೀರು ತೊಟ್ಟಿಕ್ಕಿಸುತ್ತ ನೇತಾಡುತ್ತಿತ್ತು.

ಮಿಲ್ಲಿನಲ್ಲಿ ನಾನು ಹಲಗೆಯ ಮೇಲೆ ನಿಂತೆ. ತೂಗುವ ಮಾಮ ತಕ್ಕಡಿಯ ದಂಡದ ಮೇಲಿನ ಗುಂಡನ್ನು ಸರಿಸಿದ, ಮತ್ತೆ ಹಿಂದಕ್ಕೆ ಸರಿಸಿದ, ಇನ್ನೂ ಹಿಂದಕ್ಕೆ ಸರಿಸಿದ. ಟೀಚರಮ್ಮ ಅಕ್ಕನ ಕೈಯಲ್ಲಿದ್ದ ಹಾಳೆ ನೋಡಿದರು.

"ಒಂದು ವಾರದಲ್ಲಿ ಹುಡುಗ ಇಷ್ಟು ಇಳಿಯಲ್ಲಮ್ಮ. ಇದೆಲ್ಲ ಮನೇಲಿ ಕೂತು ಬರ್ದಿದ್ದಾ?"

"ಇಲ್ಲ ಟೀಚರ್, ಇಲ್ಲೇ ತೂಗಿದ್ದು," ಎಂದಳು ಅಕ್ಕ. ತೂಗುವ ಮಾಮನೂ ಹೌದೆಂದ.

"ಹಾಗಾದ್ರೆ ನಿಮ್ಮ ತಕ್ಕಡಿ ಆಗ ಸುಳ್ಳು ಹೇಳ್ತೋ, ಈಗ ಹೇಳ್ತಿದ್ಯೋ?" ಎಂದು ಕೇಳಿ ಟೀಚರಮ್ಮ ನನ್ನ ಕಡೆ ಬಗ್ಗಿದರು. ಅವರ ಕಣ್ಣಲ್ಲಿ ಕೋಪವಿರಲಿಲ್ಲ. "ನೀನೇ ಹೇಳು ಪುಟ್ಟಾ. ದಿನಾ ಗಂಜಿ ಕುಡಿತಿದ್ಯಾ?"

ಅಕ್ಕ ನನ್ನನ್ನೇ ನೋಡಿದಳು. ತನ್ನ ಪರವಾಗಿ ಮಾತಾಡಲು ಒಬ್ಬನಾದರೂ ಇದ್ದಾನೆ ಎಂಬ ನಂಬಿಕೆ ಆ ನೋಟದಲ್ಲಿತ್ತು. ನಾನು "ಹೂಂ" ಎಂದೆ.

ಅಷ್ಟೇ. ಟೀಚರಮ್ಮ ಪೆನ್ನಿನ ಟೋಪಿ ಹಾಕಿದರು. ಸಹಿಯಾಗಲಿಲ್ಲ.

ಅಪ್ಪ ಬೈಯಲಿಲ್ಲ. ಚಕ್ರದ ಕಡ್ಡಿ ಬಿಗಿಮಾಡುತ್ತ, "ಸಾಕು ಬಿಡು," ಎಂದ. ಅಕ್ಕನ ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ಇಡೀ ವರ್ಷ ಅವಳು ಮನೆಯಲ್ಲೇ ಉಳಿದು ಪೇಟೆಯವರ ಬಟ್ಟೆ ಹೊಲಿದಳು. ನನಗೆ ಗಂಜಿ ಕಾಯಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಆ ವರ್ಷ ನಾನು ಅದನ್ನು ಒಂದು ತೊಟ್ಟೂ ಬಿಡದೆ ಕುಡಿದೆ. ನಿಜವಾಗಿಯೂ ದಪ್ಪಗಾದೆ. ಯಾರೂ ತೂಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ಟೀಚರಮ್ಮನೇ ಮತ್ತೆ ಕೊಪ್ಪದಿಂದ ಬಂದರು. ಅಂಗಡಿಯ ಸ್ಟೂಲಿನ ಮೇಲೆ ಕೂತು ಅಪ್ಪನ ಹತ್ತಿರ ಬಹಳ ಹೊತ್ತು ಮಾತಾಡಿದರು. ಪೆಟ್ಟಿಗೆ ಅಟ್ಟದಿಂದ ಇಳಿಯಿತು. ಈ ಸಲ ಅಕ್ಕ ಪಕ್ಕದ ಮನೆ ಅಜ್ಜಿಯ ಮೊಮ್ಮಗಳನ್ನು ಆರಿಸಿಕೊಂಡಳು. ಸಹಿಯಾಯಿತು. ಅಕ್ಕ ಟೀಚರ್ ಆಗಿ ಶೃಂಗೇರಿಯಲ್ಲಿ ಬಹಳ ವರ್ಷ ಪಾಠ ಮಾಡಿದಳು. ಅಲ್ಲಿ ಬಸ್ ಇಳಿದರೆ ಯಾರಾದರೊಬ್ಬ ಹೆಂಗಸು "ಟೀಚರ ತಮ್ಮ ಅಲ್ವಾ ನೀವು?" ಎನ್ನುತ್ತಿದ್ದಳು. ನನಗೆ ಹೆಮ್ಮೆ, ಅದರ ಬೆನ್ನಿಗೇ ಮಿಲ್ಲಿನ ತೌಡಿನ ವಾಸನೆ.

ನಿಮ್ಮ ಅಪ್ಪ ಹುಟ್ಟಿ ನಡೆಯುವಂತಾದಾಗ ಅಕ್ಕ ಒಂದು ಪುಟ್ಟ ನೀಲಿ ಚಡ್ಡಿ ಹೊಲಿದು ತಂದಳು. ಅಷ್ಟು ಹೊತ್ತಿಗೆ ಕೋಟು ಹೊಲಿಯುವಷ್ಟು ಕಲಿತಿದ್ದಳು. ಆದರೂ ಚಡ್ಡಿಗೆ ಕಿಸೆ ಇರಲಿಲ್ಲ. ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ, "ಕಿಸೆ ಬೇಡ ಅಂತ ಬಿಟ್ಟೆ. ನಿನ್ನ ಮಗ ಅಲ್ವಾ," ಎಂದು ನಕ್ಕಳು. ಅವಳಿಗೆ ಎಂದಿನಿಂದ ಗೊತ್ತಿತ್ತೋ! ಆಗಲಾದರೂ ಹೇಳಬೇಕಿತ್ತು. ನಾನೂ ನಕ್ಕು, "ಕಾಫಿ ಕುಡಿತೀಯಾ?" ಎಂದೆ.

ಈಗ ನೀವು ಮೊಳಕೆಕಾಳನ್ನು ಪ್ಯಾಕೆಟ್ಟಿನಲ್ಲಿ ತಂದು ಆಸೆಪಟ್ಟು ತಿನ್ನುತ್ತೀರಿ. ಬಚ್ಚಲ ಬಾಗಿಲಲ್ಲೇ ತೂಕದ ಯಂತ್ರವಿದೆ, ಹತ್ತಿ ಇಳಿದು ನಗುತ್ತೀರಿ. ಶಾಲೆಗೆ ಹುಡುಗರೂ ಕೋಸಂಬರಿ ಮಾಡಿ ತರುತ್ತಾರೆ, ಯಾರೂ ಎತ್ತು ಎನ್ನುವುದಿಲ್ಲ. ಇದೆಲ್ಲ ನನಗೆ ಬಹಳ ಇಷ್ಟ. ಎಲ್ಲಕ್ಕಿಂತ ಇಷ್ಟವಾಗುವುದು ನಿಮ್ಮ ಬಾಯಿಗೆ ಥಟ್ಟನೆ ಬರುವ "ಸಾರಿ". ಲೋಟ ಉರುಳಿದರೂ ಸಾರಿ, ಕಾಲು ತಾಗಿದರೂ ಸಾರಿ. ನಮ್ಮ ಮನೆಯಲ್ಲಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆವು. ಮನಸ್ಸಿಗೆ ತಾಗಿದರೆ ಏನು ಮಾಡಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಕ್ಕ ಈಗ ಇಲ್ಲ. ಇಷ್ಟು ಹೊತ್ತೂ ಬರೀ ಅಕ್ಕ ಎಂದೆ. ನೀವು ಅವಳನ್ನು ನೋಡಿದವರಲ್ಲ, ಹೆಸರಾದರೂ ತಿಳಿದಿರಲಿ. ನಾನು ಕ್ಷಮೆ ಕೇಳದೇ ಉಳಿದ ನನ್ನ ಅಕ್ಕನ ಹೆಸರು ವನಜಾಕ್ಷಿ.